ಗಡಿಕಂಬದ ಮೇಲಿನ ಬಿಜ್ಜು

ಹಲ್ಲಿನ ಡಾಕ್ಟರಮ್ಮ ಇದುವರೆಗೆ ಯಾರ ಬಾಯೊಳಗೂ ಇಷ್ಟು ಕಣ್ಣು ನೆಟ್ಟು ನೋಡಿದ್ದಿಲ್ಲ. ಆ ಭಾನುವಾರ ಬೆಳಿಗ್ಗೆ ಹೊಳೆದಂಡೆಯಲ್ಲಿ ದುರ್ಬೀನಿಗೆ ಕಣ್ಣಂಟಿಸಿ ನಿಂತಿದ್ದಳು. ಹೊಳೆಯಾಚೆ ಬೇರೆ ದೇಶ. ಅಲ್ಲಿನ ದಂಡೆಯ ಗಡಿಕಂಬದ ತುದಿಯಲ್ಲಿ ಬಿಜ್ಜೆಂಬ ಬೇಟೆಹಕ್ಕಿಯೊಂದು ಮಹಾರಾಜನ ಗತ್ತಿನಲ್ಲಿ ಕೂತಿತ್ತು.

“ಅತ್ತೆ, ಅದು ದೊಡ್ಡ ಬಿಜ್ಜೇ ಇರ್ಬೇಕು! ಈ ಕಡೆ ಇದುವರೆಗೆ ಯಾರೂ ನೋಡೇ ಇಲ್ಲ!”

“ಹಾಗಾದ್ರೆ ನಿಮ್ಮ ಸಂಘದವರಿಗೆ ಫೋನ್ ಮಾಡು,” ಎಂದರು ಅತ್ತೆ, ಮಡಿಚುವ ಕುರ್ಚಿಯಲ್ಲಿ ಕೂತು ಬಿಸ್ಕತ್ತು ಕಡಿಯುತ್ತ. ಸೊಸೆಯ ಜೊತೆ ಅವರು ಬಂದದ್ದು ಬಿಸಿಲು ಕಾಯಲಿಕ್ಕೆ, ಹಕ್ಕಿ ನೋಡಲಿಕ್ಕಲ್ಲ.

ಆ ಫೋನ್ ಮಾಡುವುದೇ ಕಷ್ಟದ ಮಾತು. ಹೋದ ವರ್ಷ ಹೀಗೇ ಹಿಗ್ಗಿ ಹೀರೇಕಾಯಾಗಿ ಪಕ್ಷಿ ಸಂಘದವರನ್ನೆಲ್ಲ ಹಾಸಿಗೆಯಿಂದ ಎಬ್ಬಿಸಿ ಕರೆಸಿದ್ದಳು. ಬಂದು ನೋಡಿದರೆ ಮೀನು ಮಾರುಕಟ್ಟೆಯ ಮೇಲೆ ಸುತ್ತುವ ಮಾಮೂಲಿ ಹದ್ದು! ಅಂದಿನಿಂದ ಅವಳು ‘ಹದ್ದಮ್ಮ’. ಕನ್ನಡಕದ ಅಂಗಡಿ ಇಟ್ಟಿದ್ದ ಸಂಘದ ಅಧ್ಯಕ್ಷರಂತೂ ಪುಕ್ಕಟೆ ಕಣ್ಣು ಪರೀಕ್ಷೆ ಮಾಡಿಕೊಡುತ್ತೇನೆಂದು ಎಲ್ಲರೆದುರು ಹೇಳಿ ನಗಿಸಿದ್ದರು. ಅವಳೂ ನಕ್ಕಿದ್ದಳು, ಆದರೆ ಒಳಗೊಳಗೇ ಉರಿದುಹೋಗಿದ್ದಳು. ಇನ್ನೊಂದು ಸಲ ಎಡವಿದರೆ ಸಂಘದ ಕಡೆ ತಲೆ ಹಾಕುವ ಹಾಗಿಲ್ಲ.

ತೊಡಕು ಅಳತೆಯದು. ಸಣ್ಣ ಬಿಜ್ಜು ಪಾರಿವಾಳದಷ್ಟು, ಎಲ್ಲ ಕಡೆ ಸಿಗುತ್ತದೆ. ದೊಡ್ಡದು ಕೋಳಿಯಷ್ಟು. ಬಣ್ಣವೋ ಹೆಚ್ಚುಕಮ್ಮಿ ಒಂದೇ. ಅಷ್ಟು ನೀರಿನಾಚೆ ಕೂತದ್ದು ಪಾರಿವಾಳದಷ್ಟೋ ಕೋಳಿಯಷ್ಟೋ, ಯಾರಿಗೆ ಗೊತ್ತಾಗಬೇಕು?

“ಕಂಬ ಅಳೆದ್ರೆ ಹಕ್ಕಿ ಅಳೆದ ಹಾಗೇ ಅಲ್ವೇನೆ?” ಎಂದರು ಅತ್ತೆ. “ಅಂಥದ್ದೇ ಒಂದು ಈ ಕಡೆನೂ ಇದೆಯಲ್ಲ.”

ಇತ್ತು! ಅದೇ ಕಪ್ಪು ಬಿಳಿ ಪಟ್ಟೆಯ ಕಂಬ, ಕೂಗಳತೆಯಲ್ಲೇ. ಅವಳು ಓಡಿದಳು. ಕೈ ಚಾಚುವಷ್ಟರಲ್ಲಿ ದಪ್ಪ ಮೀಸೆಯ ಕಾವಲುಗಾರನೊಬ್ಬ ಅಡ್ಡ ಬಂದ.

“ಏಯ್, ಮುಟ್ಬೇಡಿ! ಗಡಿಕಂಬ ಮುಟ್ಟಿದ್ರೆ ಕೇಸಾಗುತ್ತೆ ಮೇಡಂ.”

“ಸರ್, ಆ ಕಂಬ, ಈ ಕಂಬ ಒಂದೇ ಅಳತೆನಾ?”

“ಮತ್ತೆ? ಒಂದು ಪಟ್ಟೆ ಹೆಚ್ಚುಕಮ್ಮಿ ಆದ್ರೂ ಎರಡು ಸರ್ಕಾರಾನೂ ಎದ್ದು ಕೂರ್ತವೆ.”

ಹಿಂದಿನಿಂದ ಬಂದ ಅತ್ತೆ ಬಿಸ್ಕತ್ತಿನ ಪೊಟ್ಟಣ ಮುಂದೆ ಹಿಡಿದರು. “ನೀನೇ ಅದರ ಪಕ್ಕ ನಿಂತ್ಕೋಪ್ಪ. ನಿಲ್ಲೋದಕ್ಕೇ ತಾನೇ ನಿಂಗೆ ಸಂಬಳ?”

ಅವನು ಬಿಸ್ಕತ್ತು ಬಾಯಿಗೆ ಹಾಕಿಕೊಂಡು, ಫೋಟೋ ತೆಗೆಸಿಕೊಳ್ಳುವವನಂತೆ ಎದೆಯುಬ್ಬಿಸಿ ನಿಂತ. ಒಂದು ಪಟ್ಟೆ ಸರಿಯಾಗಿ ಅವನ ಗಲ್ಲದಿಂದ ನೆತ್ತಿಯವರೆಗೆ ಬಂತು, ಅಂದರೆ ಒಂದು ಗೇಣು. ಡಾಕ್ಟರಮ್ಮ ದುರ್ಬೀನು ಆಚೆಗೆ ತಿರುಗಿಸಿದಳು. ಹಕ್ಕಿ ಎರಡೂವರೆ ಪಟ್ಟೆ! ಸಣ್ಣದಾಗಿದ್ದರೆ ಒಂದೂವರೆ ದಾಟುತ್ತಿರಲಿಲ್ಲ.

“ಅತ್ತೇ, ಎರಡೂವರೆ!” ಅವಳು ಅಲ್ಲೇ ಕುಣಿದಳು, ಅತ್ತೆಯ ಎರಡೂ ಕೆನ್ನೆ ಹಿಂಡಿದಳು, ಅಧ್ಯಕ್ಷರಿಗೆ ಫೋನ್ ಒತ್ತಿದಳು.

“ದೊಡ್ಡ ಬಿಜ್ಜಾ?” ಅಧ್ಯಕ್ಷರು ಆಕಳಿಸಿದರು. “ಹೇಗೆ ಅಳೆದ್ರಿ ಹದ್ದಮ್ಮ?”

“ಕಾವಲುಗಾರರ ಮುಖದಿಂದ.”

ಅವರು ನಕ್ಕ ನಗು ಅತ್ತೆಗೂ ಕೇಳಿಸಿತು. ಅವಳ ಕಿವಿ ಬಿಸಿಯಾಯಿತು, ಅಳುವೇ ಬಂದಂತಾಯಿತು.

ಅಷ್ಟರಲ್ಲಿ ಬಿಜ್ಜು ಎದ್ದಿತು. ಪಾರಿವಾಳವೊಂದರ ಬೆನ್ನು ಹತ್ತಿ, ನೀರಿಗೆ ತಾಗುವಷ್ಟು ಕೆಳಗೆ ಹಾರಿ, ಯಾರ ಅಪ್ಪಣೆಯೂ ಇಲ್ಲದೆ ಗಡಿ ದಾಟಿತು. ಪಾರಿವಾಳ ಪೊದೆಗೆ ನುಗ್ಗಿ ಬಚಾವಾಯಿತು. ಬಿಜ್ಜು ಸಿಡುಕಿನಿಂದ ತಿರುಗಿ ಈಚೆಯ ಕಂಬದ ಮೇಲೆ, ಕಾವಲುಗಾರನ ಟೋಪಿಗೆ ತಾಗುವಂತೆ ಕೂತಿತು. ಕೆಂಡದ ಕಣ್ಣು, ಅದರ ಮೇಲೆ ಅಗಲವಾದ ಬಿಳಿ ಹುಬ್ಬು, ಕೋಳಿಯಂಥ ಮೈ.

ಡಾಕ್ಟರಮ್ಮ ಫೋನಿನ ವಿಡಿಯೊ ಹಾಕಿದಳು. ನಗು ಗಕ್ಕನೆ ನಿಂತಿತು. ಆಮೇಲೆ ಏನೋ ಬಿದ್ದ ಸದ್ದು, ಅಧ್ಯಕ್ಷರ ಅರಚಾಟ: “ಲೇ, ನನ್ನ ಕನ್ನಡಕ ಎಲ್ಲೇ? ಎಲ್ರಿಗೂ ಫೋನ್ ಮಾಡೇ! ಡಾಕ್ಟರೇ, ಅದನ್ನ ಹಾಗೇ ಇಟ್ಕೊಂಡಿರಿ, ಬಂದ್ವಿ!”

ಕಾವಲುಗಾರ ಕಣ್ಣುಗುಡ್ಡೆಯನ್ನಷ್ಟೇ ಹೊರಳಿಸಿದ. “ಮೇಡಂ,” ತುಟಿ ಅಲುಗದಂತೆ ಪಿಸುಗುಟ್ಟಿದ, “ಅವರು ಬರೋವರೆಗೂ ನಾನು ಉಸಿರಾಡಬಹುದಾ?”

“ಮೂಗಿನಿಂದ ನಿಧಾನಕ್ಕೆ ಉಸಿರಾಡಿ,” ಎಂದಳು ಅವಳು, ಕ್ಲಿನಿಕ್ಕಿನ ತನ್ನ ಅತ್ಯಂತ ಮೆತ್ತನೆಯ ದನಿಯಲ್ಲಿ. “ಒಂಚೂರೂ ನೋವಾಗಲ್ಲ.”