ಕಾನ್ ಕೊರಕಲಿನ ಸುರ್ಮಾ

ಅಪ್ಪ ಗಣಿಯಿಂದ ಮೇಲೆ ಬಂದರೆ ಅವರ ಕೋಟಿನಿಂದ ಕಾರ್ಬೈಡ್ ದೀಪದ ವಾಸನೆ ಬರುತ್ತಿತ್ತು, ಜಜ್ಜಿಟ್ಟು ಮರೆತ ಬೆಳ್ಳುಳ್ಳಿಯಂಥದು. ನನಗೆ ಅದು ಇಷ್ಟವಾಗಿತ್ತು. ಹಬ್ಬಕ್ಕೆ ಕುರಿ ಬೇಯಿಸಿದಾಗ ಅದರ ಕಿವಿ ಕೊಯ್ದು ನನಗೇ ಕೊಡುತ್ತಿದ್ದರು. ಹೇಳಿದ ಮಾತಿಗೆ ಕಿವಿಗೊಡಲೆಂದು ನಮ್ಮಲ್ಲಿ ಮಕ್ಕಳಿಗೆ ಆ ತುಂಡು. ವರ್ಷವರ್ಷವೂ ತಿಂದೆ. ಅದರ ಫಲ ಹೇಳುತ್ತೇನೆ.

ರಾಜಧಾನಿ ಫ್ರುಂಜೆಯಲ್ಲಿ ಐದು ವರ್ಷ ಭೂವಿಜ್ಞಾನ ಓದಿ, ಅಲಾಯ್ ಬೆಟ್ಟಗಳಲ್ಲಿ ಅದಿರು ಹುಡುಕುವ ತಂಡಕ್ಕೆ ಮುಖ್ಯಸ್ಥೆಯಾದಾಗ ನನಗೆ ಇಪ್ಪತ್ತೇಳು. ನಮ್ಮೂರ ಆಂಟಿಮನಿ ಗಣಿ ಬರಿದಾಗುತ್ತಿತ್ತು. ಆ ಬೇಸಿಗೆಯೊಳಗೆ ಹೊಸ ಅದಿರು ಸಿಗದಿದ್ದರೆ ಗಣಿ ಮುಚ್ಚುತ್ತಾರೆ. ಮುಚ್ಚಿದರೆ ಅಪ್ಪನೂ ಸೇರಿ ಊರಿಗೆ ಊರೇ ಗಂಟುಮೂಟೆ ಕಟ್ಟಬೇಕು. ನಮಗೆ ಸಿಕ್ಕಿದ್ದು ಮೂರೇ ಕಡೆ ಕೊರೆಯುವ ಅನುಮತಿ.

ಬಿಡಾರದ ಅಡುಗೆ ಶರಪಾತಕ್ಕನದು. ಗುಡ್ಡದಾಚೆಯ ಹಳ್ಳಿಯವಳು, ಐವತ್ತು ದಾಟಿದ್ದರೂ ದಿನವೂ ಕಣ್ಣಿಗೆ ಸುರ್ಮಾ ಹಚ್ಚುತ್ತಿದ್ದಳು. ಒಂದು ದಿನ ನಾನು ನಕಾಶೆ ಹರಡಿಕೊಂಡು ಕೂತಿದ್ದಾಗ ಚಹಾ ತಂದಿಟ್ಟು, ಕಾನ್ ಕೊರಕಲಿಗೆ ಹೋಗಿ ನೋಡಿದೆಯಾ, ಹೆಸರಲ್ಲೇ ಇದೆಯಲ್ಲ, ಎಂದಳು.

ಕಾನ್ ಎಂದರೆ ನಮ್ಮಲ್ಲಿ ನೆತ್ತರು; ಅರಸ ಎಂದೂ ಆಗುತ್ತದೆ. ನಾನು ಪೆನ್ಸಿಲ್ ಎತ್ತಿ ಹಿಡಿದು, ಅಲ್ಲಿ ಯಾವನೋ ಅರಸ ಕಾದಾಡಿರಬೇಕು, ಹೆಸರು ಅಗೆದರೆ ಅದಿರು ಬರುವುದಿಲ್ಲ ಎಂದು ದೊಡ್ಡ ಪಾಠ ಹೇಳಿದೆ. ಅವಳು ಪೂರ್ತಿ ಕೇಳಿ, ನನ್ನ ಚಹಾ ಆರಿಹೋಗಿದ್ದನ್ನು ಕಂಡು ಬೇರೆ ಬಗ್ಗಿಸಿ ಕೊಟ್ಟಳು. ವರದಿಯಲ್ಲಿ ‘ಕೊರಕಲಿನ ಹೆಸರು ಚಾರಿತ್ರಿಕ, ಭೂವೈಜ್ಞಾನಿಕ ಮಹತ್ವವಿಲ್ಲ’ ಎಂದು ಬರೆದೆ. ವಾಕ್ಯ ಬಹಳ ಚೆನ್ನಾಗಿದೆ ಅನ್ನಿಸಿ ಅಡಿಗೆರೆಯನ್ನೂ ಎಳೆದೆ.

ಮೊದಲ ಕಡೆ ಕೊರೆದರೆ ಸುಣ್ಣಕಲ್ಲು. ಎರಡನೆಯ ಕಡೆ ಇನ್ನೂ ಬೆಳ್ಳಗಿನ ಸುಣ್ಣಕಲ್ಲು. ಕೊರೆಯುವ ಯಂತ್ರದ ಎರ್ಗೆಶ್ ಟೋಪಿ ಹಿಂದಕ್ಕೆ ಸರಿಸಿ, “ಒಳ್ಳೇ ಸುಣ್ಣ ಕಣಮ್ಮ ಯಜಮಾನಿ. ಖಾಲಿ ಮಾಡೋ ಮುಂಚೆ ಊರ ಗೋಡೆಗೆಲ್ಲ ಬಳೀಬೋದು,” ಎಂದ.

ಮರುದಿನ ಬೆಳಿಗ್ಗೆ ಮುಖ ಸಣ್ಣದು ಮಾಡಿಕೊಂಡು ಅಡುಗೆ ಗುಡಾರಕ್ಕೆ ಹೋದೆ. ಶರಪಾತಕ್ಕ ತಟ್ಟೆಯ ಬೆನ್ನನ್ನೇ ಕನ್ನಡಿ ಮಾಡಿಕೊಂಡು ಸುರ್ಮಾ ಹಚ್ಚುತ್ತಿದ್ದಳು. ಆಂಟಿಮನಿಗೆ ನಾವು ವರದಿಯಲ್ಲಿ ಬರೆಯುತ್ತಿದ್ದ ರಷ್ಯನ್ ಹೆಸರೂ ಸುರ್ಮಾ ಎಂದೇ. ಆ ಪದವನ್ನು ನಾನು ದಿನಕ್ಕೆ ನಲವತ್ತು ಸಲ ಬರೆಯುತ್ತಿದ್ದೆ. ಬೆಟ್ಟವೆಲ್ಲ ಹುಡುಕುತ್ತಿದ್ದದ್ದು ನನಗೆ ಮೂರು ಹೊತ್ತು ಊಟ ಬಡಿಸುತ್ತಿದ್ದವಳ ಕಣ್ಣಲ್ಲಿತ್ತು.

“ಅಕ್ಕ, ಇದು ಎಲ್ಲಿಂದ ತರ್ತೀಯ?”

“ಇದು ಪೇಟೇದು. ನಮ್ಮಜ್ಜಿ ಕಾನ್ ಕೊರಕಲಿನ ಕಲ್ಲು ಅರೆದು ಹಚ್ಕೋತಿದ್ಲು. ನಮ್ ಕಡೆ ಗಣಿಗೆ ಕಾನ್ ಅಂತೀವಲ್ಲ.”

“ಅವತ್ತೇ ಯಾಕೆ ಹೇಳ್ಲಿಲ್ಲ?”

“ನೀನು ಹೇಳ್ತಾ ಇದ್ದೆ ಕಣೇ. ನಾನು ಕೇಳ್ತಾ ಇದ್ದೆ.”

ಅಷ್ಟೇ ಅಂದು, ಒಲೆ ಆರಿಸಿ, ನನಗೆ ದಾರಿ ತೋರಿಸಲು ಹೊರಟಳು. ಏರಿನಲ್ಲಿ ನನಗೆ ಏದುಸಿರು ಬಂದಾಗಲೆಲ್ಲ ತಾನೇ ದಣಿದವಳಂತೆ ನಿಲ್ಲುತ್ತಿದ್ದಳು. ಕೊರಕಲಿನ ತುದಿಯಲ್ಲಿ ಕುಸಿದು ಮುಚ್ಚಿಹೋದ ಹಳೆಯ ಗಣಿಯ ಬಾಯಿ ಇತ್ತು. ಮೂರನೆಯ ಸಲ ಅಲ್ಲೇ ಕೊರೆದೆವು. ಅರವತ್ತು ಮೀಟರ್ ಆಳದಿಂದ ಬಂದ ಕಲ್ಲಿನ ತುಂಬ ಸೂಜಿ ಚೆಲ್ಲಿದಂತೆ ಕಪ್ಪು ಹೊಳಪು. ಎರ್ಗೆಶ್ ಟೋಪಿ ತೆಗೆದು ಅದರಿಂದಲೇ ಕಲ್ಲಿನ ಕೆಸರು ಒರೆಸಿದ.

ವರದಿಯ ಆ ಚೆಂದದ ವಾಕ್ಯವನ್ನು ಹೊಡೆದುಹಾಕಿ, ಅದಿರು ತೋರಿಸಿದವರು ಶರಪಾತ್ ಎಂದು ಬರೆದೆ. ರೇಡಿಯೋದಲ್ಲಿ ಓದಿ ಹೇಳಿದಾಗ ಅವರ ಹುದ್ದೆ ಏನೆಂದು ಕಚೇರಿಯವರು ಕೇಳಿದರು. ಅಡುಗೆ ಎಂದೆ. ಸರಿಯಾಗಿ ಕೇಳಿಸುತ್ತಿಲ್ಲ, ಮತ್ತೊಮ್ಮೆ ಹೇಳಿ ಎಂದರು. ಮತ್ತೊಮ್ಮೆ ಹೇಳಿದೆ.

ಆ ಮಧ್ಯಾಹ್ನ ಕುರಿ ಕೊಯ್ದರು. ಊರು ಉಳಿಯಿತೆಂದು ಎಲ್ಲರೂ ಗದ್ದಲವೆಬ್ಬಿಸಿದ್ದರು. ಮುಖ್ಯಸ್ಥೆಗೆ ಸಲ್ಲುವ ಸೊಂಟದ ಮೂಳೆಯನ್ನು ಶರಪಾತಕ್ಕನಿಗೇ ಕೊಡಬೇಕೆಂದು ಎರ್ಗೆಶನಿಗೆ ಹೇಳಿ, ನಾನು ಸಾಲಿನ ಕೊನೆಯಲ್ಲಿ ತಲೆತಗ್ಗಿಸಿ ಕೂತೆ. ಅವಳು ಬಂದು ಬಿಸಿ ಬಟ್ಟಲನ್ನು ನನ್ನ ಕೈಗಿಟ್ಟು ಒಲೆಯ ಕಡೆ ಹೋದಳು. ಶಾವಿಗೆಯ ಮೇಲೆ, ಬುಡದವರೆಗೂ ನೀಟಾಗಿ ಕೊಯ್ದ ಒಂದು ಕಿವಿ ಇತ್ತು.