ಎರಡು ಮರಗಳ ಮಾತು

ಗಾನಿಶ್‌ನ ಶವ ಎಲ್ಕೊ ಪಟ್ಟಣದ ಇಗರ್ಜಿಯಲ್ಲಿತ್ತು. ಅದನ್ನು ಇಲ್ಲಿಯೇ ಮಣ್ಣು ಮಾಡುವುದೋ, ಹಡಗಿನಲ್ಲಿ ಕಡಲಾಚೆ ಅವನು ಹುಟ್ಟಿದ ಬಾಸ್ಕ್ ನಾಡಿನ ಹಳ್ಳಿಗೆ ಕಳಿಸುವುದೋ ಎಂಬುದನ್ನು ಸಂಜೆಯೊಳಗೆ ತಿಳಿಸಬೇಕೆಂದು ಪಾದ್ರಿಗಳು ಹೇಳಿದ್ದರು. "ನನ್ನ ಮನಸ್ಸಲ್ಲಿರೋದನ್ನ ಮರದ ಮೇಲೆ ಬರೆದಿದ್ದೀನಿ" ಎಂದಷ್ಟೇ ಹೇಳಿ ಅವನು ಕಣ್ಣು ಮುಚ್ಚಿದ್ದ. ಆದುದರಿಂದ ಅವನ ಹೆಂಡತಿ ಮಾಯಾಲೆನ್ ಮೈದುನ ಪೆಯೊನ ಜೀಪು ಹತ್ತಿ, ಅಣ್ಣತಮ್ಮಂದಿರಿಬ್ಬರೂ ಮೂವತ್ತು ಬೇಸಗೆ ಕುರಿ ಕಾಯ್ದ ಬೆಟ್ಟಕ್ಕೆ ಬಂದಳು.

ಕುರಿ ಕಾಯುವವರು ಆಸ್ಪೆನ್ ಮರದ ಬಿಳಿ ತೊಗಟೆಯ ಮೇಲೆ ಚಾಕುವಿನ ಮೊನೆಯಿಂದ ಕೂದಲೆಳೆಯಷ್ಟೇ ತೆಳುವಾಗಿ ಗೀರುತ್ತಾರೆ. ಅಂದು ಅದು ಗೀರಿದವನಿಗೂ ಕಾಣದು. ವರ್ಷಗಳು ಕಳೆದಂತೆ ಮರವೇ ಅದನ್ನು ಕಪ್ಪಗೆ ಉಬ್ಬಿಸಿ ಓದಿಸುತ್ತದೆ.

ತೊರೆಯ ಪಕ್ಕದ ಮರದಲ್ಲಿ ಹೀಗಿತ್ತು: 'ಗಾನಿಶ್. ನನ್ನ ಎಲುಬು ಊರಿಗೆ ಹೋಗಲಿ.'

ಮಾಯಾಲೆನ್ ಶಿಲುಬೆಯ ಗುರುತು ಹಾಕಿಕೊಂಡಳು. "ಸರಿ, ಊರಿಗೇ ಕಳಿಸೋಣ."

"ಅತ್ತಿಗೆ, ಇಲ್ಲೊಂದಿದೆ ನೋಡಿ" ಎಂದು ಪೆಯೊ ಮೇಲಿನ ಇಳಿಜಾರಿನಿಂದ ಕರೆದ. ಅಲ್ಲಿ ಹೀಗಿತ್ತು: 'ಗಾನಿಶ್. ನನ್ನನ್ನು ಈ ಬೆಟ್ಟದಿಂದ ಅಗಲಿಸಬೇಡಿ.'

"ಯಾವುದು ಮೊದಲಿಂದು? ವರ್ಷ ಹಾಕಿಲ್ವಲ್ಲ" ಎಂದಳು ಮಾಯಾಲೆನ್, ಹತ್ತಿ ಬಂದು.

"ದಪ್ಪ ಗೀರು ಹಳೇದು."

"ತೊರೆ ಹತ್ರದ್ದು ದಪ್ಪ. ಹಾಗಾದ್ರೆ ಇದೇ ಕೊನೆ ಮಾತು."

ಪೆಯೊ ಟೋಪಿ ತೆಗೆದು ತಲೆ ಕೆರೆದುಕೊಂಡ. "ನೀರಿನ ಹತ್ರ ಮರ ಬೇಗ ಬೆಳೆಯತ್ತೆ, ಗೀರೂ ಬೇಗ ದಪ್ಪ ಆಗತ್ತೆ. ಹೇಳಕ್ಕಾಗಲ್ಲ."

"ಈಗ ಹೇಳ್ತೀಯ. ಕುರಿ ಜೊತೆ ಇದ್ದು ಇದ್ದು ಕುರಿ ಬುದ್ಧಿನೇ ಬಂತು ನಿಂಗೆ."

"ಅಣ್ಣಂಗೂ ಅದೇ ಬುದ್ಧಿ ಅತ್ತಿಗೆ. ಹಿಮ ಬಿದ್ರೆ ಊರು ಅಂತಿದ್ದ. ಹುಲ್ಲು ಚಿಗುರಿದ್ರೆ ಇಲ್ಲೇ ಸಾಯ್ತೀನಿ ಅಂತಿದ್ದ."

ಅವಳು ಮೊಣಕಾಲೂರಿ ಜಪಮಾಲೆ ಹಿಡಿದಳು. ದೇವರು ಎರಡು ಮರಗಳಿಗೂ ಒಂದೇ ಗಾಳಿ ಕಳಿಸಿದ. ಎರಡರ ಎಲೆಗಳೂ ಒಂದೇ ಸಮನೆ ನಡುಗಿದವು.

"ಊರಲ್ಲಿ ಅವರ ಹೆಸರಿಗೆ ಮೇಣದಬತ್ತಿ ಹಚ್ಚೋರು ಯಾರಿದ್ದಾರೆ ಈಗ?" ಎಂದು ಕೇಳಿದಳು.

"ಯಾರೂ ಉಳಿದಿಲ್ಲ."

"ಎಲ್ಕೊಲಿ ನಾನಿದ್ದೀನಿ. ಅಲ್ಲೇ ಮಣ್ಣು ಮಾಡೋಣ."

ಬೆಟ್ಟ ಇಳಿಯುವ ದಾರಿಯ ತಿರುವಿನಲ್ಲಿ ಅವಳು ಜೀಪು ನಿಲ್ಲಿಸಲು ಹೇಳಿ ಹಿಂದಿರುಗಿ ನೋಡಿದಳು. ಬೆಟ್ಟದ ತುಂಬ ಬಿಳಿಯ ಮರಗಳು. ಅವನು ಕೊನೆಯ ಬೇಸಗೆಯಲ್ಲಿ ಗೀರಿದ್ದು ಅವುಗಳಲ್ಲಿ ಎಲ್ಲೋ ಇರಬಹುದು. ಅದು ಇನ್ನೂ ಕಪ್ಪಾಗಿರಲಾರದು.

"ಹೊರಡೋಣ್ವಾ ಅತ್ತಿಗೆ? ಪಾದ್ರಿಗಳು ಕಾಯ್ತಿರ್ತಾರೆ."

"ಸ್ವಲ್ಪ ತಡಿ" ಎಂದಳು.