ತೊಂಬತ್ತನಾಲ್ಕನೇ ಪುಟ

“ಕೋಟಿಗೆ ಚುಚ್ಚು ತಾಯಿ, ಎದೆಗಲ್ಲ!” ಮಾರ್ವ್ ಬೆಚ್ಚಿ ಹಿಂದಕ್ಕೆ ಸರಿದ.

ವರ್ಲಿಸ್ ಗುಂಡುಸೂಜಿಯನ್ನು ಹೊರಗೆಳೆದು, ಈ ಸಲ ಸರಿಯಾಗಿ ಕೋಟಿನ ಮಡಿಕೆಗೇ ಬಿಳಿ ಹೂವನ್ನು ಚುಚ್ಚಿದಳು. ಶವಪೆಟ್ಟಿಗೆಗೆ ಹೆಗಲು ಕೊಡುವ ಐವರ ಎದೆಯ ಮೇಲೂ ಹೂವು ಕೂತಿತು. ರಟ್ಟಿನ ಡಬ್ಬಿಯಲ್ಲಿ ಆರನೆಯದೊಂದು ಉಳಿಯಿತು.

“ಅವನು ಬಂದಿದಾನೆ,” ಚರ್ಚಿನ ಕಿಟಕಿಯ ಬಳಿ ನಿಂತಿದ್ದ ಆರ್ಡಿಸ್ ಹೇಳಿದಳು. ಸತ್ತವನ ಅಕ್ಕ ಅವಳು. ಎಂಬತ್ತಮೂರು ವರ್ಷ, ನಾಲಿಗೆಗೆ ಮಾತ್ರ ಇಪ್ಪತ್ತು. “ಪಿಕಪ್‌ನಲ್ಲೇ ಕೂತಿದಾನೆ. ಇಂಜಿನ್ ಆರಿಸಿಲ್ಲ, ಬ್ಯಾಂಕ್ ದೋಚೋಕೆ ಬಂದೋನ ಥರ.”

“ಕೂತಿರ್ಲಿ,” ಎಂದಳು ವರ್ಲಿಸ್.

“ಅವನ ಹೆಸರು ಬರೆದಿರೋದು ನಿನ್ನ ಗಂಡನೇ ಕಣೆ.”

“ಗಂಡ ಬರೆದ. ಹೂವು ನನ್ನ ಕೈಯಲ್ಲಿದೆ.”

ಓರಿನ್ ಹಾಗ್‌ಸ್ಟಾಡ್ ತನ್ನ ಅಂತ್ಯಸಂಸ್ಕಾರದ ಕಾರ್ಯಕ್ರಮವನ್ನು ಹಳದಿ ಕಾಗದದ ಮೇಲೆ ತಾನೇ ಬರೆದಿಟ್ಟಿದ್ದ. ಕ್ರಮಸಂಖ್ಯೆ ಹಾಕಿ, ಕೆಳಗೆ ಗೆರೆ ಎಳೆದು. ಒಂದು: ಹೊಗಳಿಕೆ ಬೇಡ. ಎರಡು: ಹಾಡು ಎರಡಕ್ಕಿಂತ ಹೆಚ್ಚು ಬೇಡ. ಮೂರು: ಹೆಗಲು ಕೊಡುವವರು, ಆರು ಹೆಸರು. ಆರನೆಯದು ಕ್ಲೇಟನ್ ರಡ್ಕೆ. ನಾಲ್ಕು: ನೂರಹತ್ತೊಂಬತ್ತನೆಯ ಕೀರ್ತನೆ, ಪೂರ್ತಿ. ಓದುವವರು ಎಂದು ಬರೆದು ಮುಂದಿನ ಜಾಗವನ್ನು ಖಾಲಿ ಬಿಟ್ಟಿದ್ದ.

ಯಾವ ಜಾಗವನ್ನೂ ಖಾಲಿ ಬಿಡುವ ಮನುಷ್ಯನಲ್ಲ ಅವನು. ವರ್ಲಿಸ್‌ಗೆ ಅದು ಮೂರು ದಿನದಿಂದ ಹಲ್ಲಿನ ಸಂದಿಗೆ ಸಿಕ್ಕಿದ ನಾರಿನಂತೆ ಕಾಡುತ್ತಿತ್ತು. ಅದಕ್ಕಿಂತ ಹೆಚ್ಚು ಕಾಡುತ್ತಿದ್ದುದು ಆ ಆರನೆಯ ಹೆಸರು. ಗಂಡನ ದನಿಯನ್ನು ತಿಂದುಹಾಕಿದವನಿಂದಲೇ ಅವನ ಪೆಟ್ಟಿಗೆ ಹೊರಿಸುವುದು ಹೇಗೆ? ಹೊರಿಸದಿದ್ದರೆ, ಗಂಡನ ಕೊನೆಯ ಮಾತನ್ನು ಮೀರುವುದು ಹೇಗೆ? ಇನ್ನು ನಲವತ್ತು ನಿಮಿಷದಲ್ಲಿ ಇದು ತೀರ್ಮಾನವಾಗಬೇಕಿತ್ತು.

* * *

ಓರಿನ್ ರಾಜ್ಯದ ಶಾಸನಸಭೆಯಲ್ಲಿ ಓದುವ ಗುಮಾಸ್ತನಾಗಿದ್ದ. ಮೂವತ್ತೊಂದು ವರ್ಷ. ಯಾವ ಮಸೂದೆಯೇ ಬರಲಿ, ಸಭೆಯ ಮುಂದೆ ಅದನ್ನು ಗಟ್ಟಿಯಾಗಿ ಓದಬೇಕೆಂಬುದು ಕುದುರೆಗಾಡಿಯ ಕಾಲದಿಂದ ಬಂದ ನಿಯಮ. ನಿಯಮ ಇದ್ದಮೇಲೆ ಅದನ್ನು ತಪ್ಪಿಸಿಕೊಳ್ಳುವ ದಾರಿಯೂ ಇತ್ತು. ಓರಿನ್ ಮೊದಲ ಸಾಲು ಓದುತ್ತಿದ್ದ. ಅಧ್ಯಕ್ಷರು ತಲೆಯೆತ್ತದೆ, “ಆಕ್ಷೇಪಣೆ ಇಲ್ಲದಿದ್ದರೆ ಉಳಿದದ್ದನ್ನು ಓದಿದಂತೆಯೇ ಭಾವಿಸಲಾಗುವುದು” ಎನ್ನುತ್ತಿದ್ದರು. ಯಾರೂ ಆಕ್ಷೇಪಿಸುತ್ತಿರಲಿಲ್ಲ. ಕಾನೂನು ಆಗಿಬಿಡುತ್ತಿತ್ತು.

“ನನ್ನ ತಮ್ಮ ಮೊದಲ ಸಾಲಿನ ಪಂಡಿತ,” ಎಂದು ಆರ್ಡಿಸ್ ಊರೆಲ್ಲ ಹೇಳಿಕೊಂಡು ಬರುತ್ತಿದ್ದಳು. “ಎರಡನೇ ಸಾಲಿಗೆ ಸಂಬಳ ಇಲ್ಲ.”

ಗುಮಾಸ್ತನಿಗೆ ಇನ್ನೊಂದು ಕಟ್ಟುಪಾಡಿತ್ತು. ಸಭೆಯೊಳಗೆ ಅವನು ಸ್ವಂತ ಮಾತು ಆಡುವಂತಿಲ್ಲ, ಕಾಗದದಲ್ಲಿ ಇದ್ದದ್ದನ್ನಷ್ಟೇ ಓದಬೇಕು. ಒಮ್ಮೆ ಸಭೆಯ ಪರದೆಗೆ ಬೆಂಕಿಯ ಕಿಡಿ ಹಾರಿದಾಗಲೂ ಓರಿನ್ ಬಾಯಿಬಿಡದೆ ಪೆನ್ಸಿಲಿನಿಂದ ಅತ್ತ ತೋರಿಸಿದ್ದನಂತೆ. ಒಳಗೆ ಕಟ್ಟಿದ ಮಾತೆಲ್ಲ ನೆಲಮಾಳಿಗೆಯ ಕ್ಯಾಂಟೀನಿನಲ್ಲಿ ಕಟ್ಟೆಯೊಡೆಯುತ್ತಿತ್ತು. ಸೂಪಿನ ಬಟ್ಟಲು ಮುಂದಿಟ್ಟುಕೊಂಡು ಅವನು ಶಾಸಕರನ್ನು ಒಬ್ಬೊಬ್ಬರನ್ನಾಗಿ ಅಣಕಿಸುತ್ತಿದ್ದ. ಮೂಗಿನಲ್ಲೇ ಭಾಷಣ ಮುಗಿಸುವವರು, ಪ್ರತಿ ವಾಕ್ಯವನ್ನೂ ಸಾಲದ ಹಾಗೆ ಮುಂದಕ್ಕೆ ಹಾಕುವವರು. ಎಲ್ಲಕ್ಕಿಂತ ಚೆನ್ನಾಗಿ ಬರುತ್ತಿದ್ದುದು ಕ್ಲೇಟನ್ ರಡ್ಕೆಯ ದನಿ. ಅದು ಜಲ್ಲಿಯ ಮೇಲೆ ಟ್ರ್ಯಾಕ್ಟರ್ ಹೊರಳಿದಂತಿತ್ತು. ಎರಡು ಮಾತಿಗೊಮ್ಮೆ ಕಫ ಸರಿಪಡಿಸಿಕೊಳ್ಳುವ ‘ಹ್ರುಂ’ ಬೇರೆ. ಮನೆಯಲ್ಲಿ ಓರಿನ್ ಅದೇ ದನಿಯಲ್ಲಿ ಕಾಫಿ ಕೇಳುತ್ತಿದ್ದ. ನಾಯಿ ಕೂಡ ಎದ್ದು ನಿಲ್ಲುತ್ತಿತ್ತು.

ಸೋಂಕು ಬಂದ ವರ್ಷದ ಮಾರ್ಚ್‌ನಲ್ಲಿ ಪರಿಹಾರ ಮಸೂದೆ ಬಂತು. ನೂರನಲವತ್ತು ಪುಟ. ಶಾಸಕರಿಗೆಲ್ಲ ಅವಸರ. ಒಬ್ಬರ ಉಸಿರು ಇನ್ನೊಬ್ಬರಿಗೆ ತಾಗುವ ಮೊದಲು ಕೈಯೆತ್ತಿ ಮನೆ ಸೇರಬೇಕು. ಓರಿನ್ ಮೊದಲ ಸಾಲು ಓದಿದ. ಅಧ್ಯಕ್ಷರು ತಮ್ಮ ಮಾಮೂಲಿ ಮಂತ್ರ ಹೇಳಿದರು. ಹಿಂದಿನ ಸಾಲಿನಿಂದ ‘ಹ್ರುಂ’ ಎಂಬ ಸದ್ದು ಬಂತು.

“ನನ್ನ ಆಕ್ಷೇಪಣೆ ಇದೆ. ಇಷ್ಟು ದಪ್ಪದ್ದಕ್ಕೆ ಓದದೆ ಹೂಂ ಅನ್ನೋದು ಹೆಂಗೆ? ಪೂರ್ತಿ ಓದ್ಲಿ.”

ಓರಿನ್ ಬಾಯಿಗೆ ಬಟ್ಟೆ ಕಟ್ಟಿಕೊಂಡು, ಬೆಳಿಗ್ಗೆ ಒಂಬತ್ತರಿಂದ ಹತ್ತು ಗಂಟೆ ಹೊತ್ತು ಓದಿದ. ಐದನೆಯ ದಿನ ಮಲಗಿದ. ಎದ್ದಾಗ ಜೀವ ಇತ್ತು, ದನಿ ಇರಲಿಲ್ಲ. ನಾಲ್ಕು ವರ್ಷ ಪಿಸುಮಾತಿನಲ್ಲೇ ಬದುಕಿದ. ಕೊನೆಗೆ ಆ ಶ್ವಾಸಕೋಶವೇ ಸಾಕೆಂದಿತು.

ವರ್ಲಿಸ್‌ಗೆ ಆ ಪಿಸುಮಾತಿಗಿಂತ ಬೇರೆಯದೇ ಹಿಂಸೆ. ಮೊದಲು ಮನೆಯಲ್ಲಿ ಇಡೀ ಶಾಸನಸಭೆ ಊಟಕ್ಕೆ ಕೂತ ಹಾಗಿರುತ್ತಿತ್ತು. ಒಂದೇ ವಾರದಲ್ಲಿ ಎಲ್ಲರೂ ಎದ್ದುಹೋಗಿದ್ದರು.

* * *

ಚರ್ಚಿನ ಕೋಟು ನೇತುಹಾಕುವ ಕೋಣೆಯಲ್ಲಿ ಕ್ಲೇಟನ್ ಟೋಪಿ ಹಿಡಿದು ನಿಂತಿದ್ದ. ಅಷ್ಟು ಎತ್ತರದ ಆಳು, ಒದ್ದೆ ಕೋಟುಗಳ ನಡುವೆ ತಾನೂ ಒಂದು ಕೋಟಿನಂತೆ ಜೋತುಬಿದ್ದಿದ್ದ. ಕೆಳಗಿನಿಂದ ಕಾಫಿಯ ವಾಸನೆ, ಚೀಸ್ ಹಾಕಿ ಬೇಯಿಸಿದ ಆಲೂಗಡ್ಡೆಯ ವಾಸನೆ ಮೆಟ್ಟಿಲು ಹತ್ತಿ ಬರುತ್ತಿತ್ತು.

ವರ್ಲಿಸ್ ಹೂವಿನ ಡಬ್ಬಿ ಹಿಡಿದೇ ಬಂದಳು. “ಒಂದು ಪ್ರಶ್ನೆ ಕೇಳ್ತೀನಿ. ನನ್ನ ಗಂಡ ನಿಮ್ಮ ಹೆಸರು ಯಾಕೆ ಬರೆದ?”

“ಅವ್ರು ಹೇಳ್ಲಿಲ್ವಾ ನಿಮ್ಗೆ?”

“ಏನನ್ನ? ನಾಲ್ಕು ವರ್ಷ ನಿಮ್ಮ ಹೆಸರೆತ್ತಿದ್ರೆ ಸುಮ್ನೆ ನಗ್ತಿದ್ದ. ನಿಮ್ಮ ಒಂದು ಮಾತಿಗೆ ಅವನ ಮಾತೇ ಹೋಯ್ತು ರಡ್ಕೆಯವರೇ. ನಗು ಯಾಕೆ ಬರ್ತಿತ್ತೋ ನನಗೆ ಗೊತ್ತಿಲ್ಲ.”

ಕ್ಲೇಟನ್ ಟೋಪಿಯನ್ನು ಒಂದು ಸುತ್ತು ತಿರುಗಿಸಿದ. “ಹ್ರುಂ. ನಾನು ಆ ದಿವ್ಸ ನಿದ್ದೆ ಮಾಡ್ಬಿಟ್ಟಿದ್ದೆ ಕಣಮ್ಮ.”

“ಏನು?”

“ಪೂರ್ತಿ ಓದ್ಲಿ ಅಂತ ಎದೆ ತಟ್ಕೊಂಡೋನು ನಾನೇ. ಮಧ್ಯಾಹ್ನ ಆದ್ಮೇಲೆ ಕಣ್ಣು ಎಳ್ಕೊಂಡ್ ಹೋಯ್ತು. ಉಳಿದೋರು ಆಗ್ಲೇ ಹೊರಗೆ ಹೋಗಿ ಅವರವರ ಕಾರಲ್ಲಿ ಕೂತಿದ್ರು. ನಾಲ್ಕು ಗಂಟೆ ಹೊತ್ಗೆ ನನ್ನ ಕಿವಿಗೆ ನನ್ನ ದನಿನೇ ಬಿತ್ತು.”

ಮುದುಕನ ಕಿವಿ ಕೆಂಪಾಯಿತು. ವರ್ಲಿಸ್ ಗೋಡೆಗೆ ಒರಗಿದಳು.

* * *

ತೊಂಬತ್ತನಾಲ್ಕನೆಯ ಪುಟದಲ್ಲಿ ಒಂದು ಪಟ್ಟಿ ಇತ್ತು. ಸೋಂಕು ತಗುಲಿದರೆ, ಅಥವಾ ಮನೆಯಲ್ಲಿ ಸೋಂಕಿತರನ್ನು ನೋಡಿಕೊಳ್ಳಬೇಕಾಗಿ ಬಂದರೆ, ಹದಿನಾಲ್ಕು ದಿನ ಸಂಬಳದ ರಜೆ ಯಾರಿಗೆಲ್ಲ ಎಂಬ ಪಟ್ಟಿ. ಆಸ್ಪತ್ರೆಯ ದಾದಿಯರು, ವೃದ್ಧಾಶ್ರಮದವರು, ಆಂಬ್ಯುಲೆನ್ಸಿನವರು, ನೆಲ ಒರೆಸುವವರು. ಮನೆಮನೆಗೆ ಹೋಗಿ ವಯಸ್ಸಾದವರಿಗೆ ಸ್ನಾನ ಮಾಡಿಸಿ ಮಾತ್ರೆ ಕೊಟ್ಟು ಬರುವವರು ಅದರಲ್ಲಿರಲಿಲ್ಲ. ಬೇಕೆಂದು ಬಿಟ್ಟದ್ದಲ್ಲ. ಕರಡು ಬರೆದವರು ಕಟ್ಟಡ ನೋಡಿ ಪಟ್ಟಿ ಮಾಡಿದ್ದರು. ಇವರಿಗೆ ಕಟ್ಟಡ ಇರಲಿಲ್ಲ.

ವರ್ಲಿಸ್ ಇಪ್ಪತ್ತೆರಡು ವರ್ಷದಿಂದ ಅದೇ ಕೆಲಸ ಮಾಡುತ್ತಿದ್ದಳು.

ಓರಿನ್ ನಿಲ್ಲಿಸಲಿಲ್ಲ. ನಿಲ್ಲಿಸಿದರೆ ಸ್ವಂತ ಮಾತಾಗುತ್ತದೆ. ಅದೂ ಸ್ವಂತ ಹೆಂಡತಿಯ ವಿಷಯದ ಮಾತು. ಗುಮಾಸ್ತ ಮನೆಯವಳಿಗಾಗಿ ಕಾನೂನು ತಿದ್ದಿಸಿದ ಎಂದು ಗೊತ್ತಾದರೆ ಅವನ ಕೆಲಸದ ಜೊತೆ ಆ ತಿದ್ದಿದ ಸಾಲೂ ಹೋಗುತ್ತಿತ್ತು. ಅವನು ನೀರು ಕುಡಿದು, ಲೋಟದ ಮೇಲೆ ಎಂದಿನಂತೆ ಮಡಚಿದ ಕಾಗದ ಮುಚ್ಚಿಟ್ಟ. ಖಾಲಿ ಬೆಂಚುಗಳನ್ನು ನೋಡಿದ. ಹಿಂದಿನ ಸಾಲಿನಲ್ಲಿ ಗದ್ದ ಎದೆಗೆ ಬಿದ್ದಿದ್ದ ಒಬ್ಬನನ್ನು ನೋಡಿದ. ಆಮೇಲೆ ಪುಟವನ್ನು ಮೊದಲಿನಿಂದ ಶುರುಮಾಡಿದ, ಜಲ್ಲಿಯ ಮೇಲೆ ಟ್ರ್ಯಾಕ್ಟರ್ ಹೊರಳುವ ದನಿಯಲ್ಲಿ. ಒಂದಕ್ಷರ ಕೂಡಿಸಲಿಲ್ಲ, ಒಂದಕ್ಷರ ಕಳೆಯಲಿಲ್ಲ. ‘ಹ್ರುಂ’ ಮಾತ್ರ ಎರಡು ಸಲ ಬಂತು. ಅದು ಕೆಮ್ಮೆಂದು ದಾಖಲಾಯಿತು.

* * *

“ನಾನೇ ಎದ್ದು ಭಾಷಣ ಮಾಡ್ತಿದೀನಿ ಅಂದ್ಕೊಂಡೆ,” ಕ್ಲೇಟನ್ ಹೇಳಿದ. “ಕಣ್ಬಿಟ್ರೆ ಇವ್ನು! ಹಣೆ ಮೇಲೆ ಒಂದು ಗೆರೆ ಅಲ್ಲಾಡ್ತಿಲ್ಲ. ರೇಗ್ಹೋಯ್ತು. ಯಾವ ಮಾತಿಗೆ ನನ್ನ ಅಣಕಿಸ್ತಾನೆ ನೋಡೇಬಿಡೋಣ ಅಂತ ಆ ಪುಟ ತೆಗ್ದೆ. ನಾಲ್ಕು ಸಲ ಓದ್ದೆ. ನಮ್ಮಮ್ಮಂಗೆ ಆಗ ತೊಂಬತ್ತೊಂದು. ಕೊರಿನ್ ಅಂತ ಒಂದು ಹುಡುಗಿ ವಾರಕ್ಕೆ ಮೂರು ದಿನ ಬಂದು ನೋಡ್ಕೊಳ್ಳೋಳು. ಆ ಹುಡುಗಿ ಪಟ್ಟೀಲಿಲ್ಲ.”

“ನೀವು ತಿದ್ದುಪಡಿ ತಂದ್ರಿ.”

“ಒಂದು ಸಾಲು. ‘ಮನೆಗಳಿಗೆ ಹೋಗಿ ಆರೈಕೆ ಮಾಡುವವರೂ ಸೇರಿದಂತೆ.’ ಎಲ್ರಿಗೂ ಮನೆಗೆ ಹೋಗೋ ಅವಸರ, ಯಾರೂ ಬೇಡ ಅನ್ಲಿಲ್ಲ. ಆಮೇಲೆ ಮೊಗಸಾಲೇಲಿ ನಿಮ್ಮ ಯಜಮಾನ್ರನ್ನ ತಡೆದು, ಯಾಕಯ್ಯಾ ನನ್ನ ದನಿ ಕದ್ದೆ ಅಂದೆ. ‘ಬರೆದ ಮಾತನ್ನೇ ಓದ್ಬೇಕು ಅಂತಿದೆ ಸಾರ್ ನಿಯಮ. ಯಾರ ದನೀಲಿ ಅಂತ ಎಲ್ಲೂ ಹೇಳಿಲ್ಲ’ ಅಂದ್ರು. ಆವಾಗ್ಲೇ ನಿಮ್ಮ ಕೆಲ್ಸ ಏನು ಅಂತಾನೂ ಹೇಳಿದ್ರು. ‘ನಾನು ಬದುಕಿರೋವರೆಗೂ ಯಾರಿಗೂ ಹೇಳ್ಬೇಡಿ’ ಅಂತ ಕೈ ಮೇಲೆ ಕೈ ಹಾಕಿಸ್ಕೊಂಡ್ರು.” ಅವನು ಟೋಪಿಯೊಳಗೆ ನೋಡಿದ. “‘ಸತ್ಮೇಲೆ?’ ಅಂದೆ. ಅದ್ಕೆ ಆ ಮನುಷ್ಯ, ‘ಕರೆಸ್ತೀನಿ ಬನ್ನಿ’ ಅಂದ್ರು.”

ವರ್ಲಿಸ್‌ಗೆ ಆ ಏಪ್ರಿಲ್ ತಿಂಗಳ ಫೋನು ನೆನಪಾಗುತ್ತಿತ್ತು. ಗಂಡ ಒಳಗೆ ಉಸಿರಿಗಾಗಿ ಹೋರಾಡುತ್ತಿದ್ದ. ಕೆಲಸ ಬಿಟ್ಟಾದರೂ ಅವನ ಪಕ್ಕ ಕೂರುವುದೆಂದು ಅವಳು ನಿಶ್ಚಯಿಸಿದ್ದಳು. ಅಷ್ಟರಲ್ಲಿ ಮೇಲ್ವಿಚಾರಕಿಯ ಫೋನ್ ಬಂತು. “ನಿಮ್ಮಂಥೋರಿಗೂ ರಜೆ ಇದೆಯಂತೆ ವರ್ಲಿಸ್. ಕಾನೂನಲ್ಲೇ ಬರೆದಿದಾರೆ.” ಹದಿನಾಲ್ಕು ದಿನ ಅವಳು ಹಾಸಿಗೆಯ ಪಕ್ಕದಿಂದ ಏಳಲಿಲ್ಲ. ಒಂಬತ್ತನೆಯ ದಿನ ಅವನು ಕಣ್ಣು ಬಿಟ್ಟಾಗ, “ಯಾರೋ ಪುಣ್ಯಾತ್ಮ ನಮ್ಮನ್ನೂ ಸೇರಿಸಿದಾನೆ ಕಣೋ” ಎಂದಿದ್ದಳು.

“ಹೌದಾ?” ಎಂದಿದ್ದ ಅವನು ಪಿಸುಗುಟ್ಟಿ. ಅದೇ ಅವನ ಮೊದಲ ಪಿಸುಮಾತು.

ಗಂಟೆ ಹೊಡೆಯಿತು. ವರ್ಲಿಸ್ ಡಬ್ಬಿಯ ಮುಚ್ಚಳ ಹಾಕಿ ಒಳಗೆ ಹೋದಳು. ಕ್ಲೇಟನ್ ಕೊನೆಯ ಬೆಂಚಿನ ತುದಿಯಲ್ಲಿ, ಎದ್ದುಹೋಗಲು ಸುಲಭವಾಗುವಂತೆ, ಅರ್ಧ ಕೂತ.

ಹೊರಗೆ ಹಿಮ ದಪ್ಪವಾಗುತ್ತಿತ್ತು. ಪಾಸ್ಟರ್ ಬ್ರಿಟಾ ಕಿಟಕಿ ನೋಡಿದರು, ಗಡಿಯಾರ ನೋಡಿದರು, ಹಳದಿ ಕಾಗದ ನೋಡಿದರು. ಸಂಜೆಗೆ ರಸ್ತೆ ಮುಚ್ಚುತ್ತದೆಂದು ರೇಡಿಯೋ ಹೇಳಿತ್ತು. ಸ್ಮಶಾನ ಒಂಬತ್ತು ಮೈಲಿ.

“ಓರಿನ್ ನೂರಹತ್ತೊಂಬತ್ತನೇ ಕೀರ್ತನೆ ಕೇಳಿದಾರೆ,” ಎಂದರು. “ಇಡೀ ಬೈಬಲ್‌ನಲ್ಲೇ ಉದ್ದದ್ದು. ನೂರೆಪ್ಪತ್ತಾರು ವಚನ.” ಬೆಂಚುಗಳಲ್ಲಿ ಒಂದು ಸಣ್ಣ ನಗು, ಅದರ ಹಿಂದೆಯೇ ಒಂದು ದೊಡ್ಡ ನಿಟ್ಟುಸಿರು. “ತುಂಟತನಕ್ಕೆ ಬರೆದಿರ್ತಾರೆ. ಮೊದಲ ಎಂಟು ವಚನ ನಾನು ಓದ್ತೀನಿ. ಉಳಿದದ್ದನ್ನು ಓದಿದಂತೆಯೇ ಭಾವಿಸೋಣ. ಯಾರದ್ದೂ ಅಡ್ಡಿ ಇಲ್ಲ ತಾನೆ?”

ಮಾರ್ವ್ ಅಭ್ಯಾಸಬಲದಿಂದ ತಲೆಯಾಡಿಸಿದ. ಶಾಸನಸಭೆಯಲ್ಲಿ ಓರಿನ್‌ನ ಪಕ್ಕದ ಮೇಜಿನಲ್ಲಿ ಹತ್ತೊಂಬತ್ತು ವರ್ಷ ಕೂತು, ಆ ಪ್ರಶ್ನೆಗೆ ಬಂದ ಮೌನವನ್ನೇ ನಡಾವಳಿಯಲ್ಲಿ ಬರೆದುಕೊಂಡವನು ಅವನು.

“ನನ್ನ ಆಕ್ಷೇಪಣೆ ಇದೆ,” ಎಂದಳು ವರ್ಲಿಸ್.

ಅವಳು ಎದ್ದು ನಿಂತಿದ್ದಳು. “ಪೂರ್ತಿ ಓದ್ಲಿ.”

“ವರ್ಲಿಸ್, ಹಿಮ...” ಪಾಸ್ಟರ್ ದನಿ ತಗ್ಗಿಸಿದರು.

“ಸುಮ್ನಿರಮ್ಮ ಬ್ರಿಟಾ,” ಆರ್ಡಿಸ್ ಮುಂದಿನ ಬೆಂಚಿನಿಂದಲೇ ಗದರಿದಳು. “ಹಿಮ ಎಲ್ಲಿಗೂ ಓಡಿಹೋಗಲ್ಲ. ಅವನೂ ಹೋಗಲ್ಲ.”

ವರ್ಲಿಸ್ ಡಬ್ಬಿ ಹಿಡಿದು ನಡುವಿನ ಹಾದಿಯಲ್ಲಿ ಹಿಂದಕ್ಕೆ ನಡೆದಳು. ಕೊನೆಯ ಬೆಂಚಿನ ಬಳಿ ನಿಂತಳು. ಕ್ಲೇಟನ್ ಎದ್ದ. ಅವಳು ಸೂಜಿಯನ್ನು ಕೋಟಿನ ಮಡಿಕೆಗೆ, ಒಂದೇ ಸಲಕ್ಕೆ ಸರಿಯಾಗಿ, ಚುಚ್ಚಿದಳು.

“ಓದೋರ ಜಾಗ ಖಾಲಿ ಇದೆ,” ಎಂದಳು. “ಈ ಸಲ ನಿದ್ದೆ ಮಾಡ್ಬೇಡಿ.”

ಅವನು ಮುಂದೆ ಹೋಗಿ ಕನ್ನಡಕ ಹುಡುಕಿದ. ಎಡಗಡೆಯ ಜೇಬು, ಬಲಗಡೆಯ ಜೇಬು, ಕೊನೆಗೆ ಹಣೆಯ ಮೇಲೆ. ಜನ ಗುಂಡಿ ಬಿಚ್ಚಿ ಕೋಟು ತೆಗೆದು ಮಡಿಲಲ್ಲಿ ಇಟ್ಟುಕೊಳ್ಳತೊಡಗಿದರು. ವರ್ಲಿಸ್ ಒಂದು ಲೋಟ ನೀರು ತಂದು ಅವನ ಕೈಗೆಟಕುವಲ್ಲಿ ಇಟ್ಟಳು. ಹಳದಿ ಕಾಗದವನ್ನು ನಾಲ್ಕಾಗಿ ಮಡಚಿ ಅದರ ಬಾಯಿಗೆ ಮುಚ್ಚಿದಳು.

“ಹ್ರುಂ,” ಎಂದ ಕ್ಲೇಟನ್ ರಡ್ಕೆ, ಮತ್ತು ಮೊದಲ ವಚನ ಓದಿದ.

ಆ ದನಿಯನ್ನು ಶಾಸನಸಭೆಗಿಂತ ಹೆಚ್ಚಾಗಿ ಕ್ಯಾಂಟೀನಿನಲ್ಲಿ, ಸೂಪಿನ ಬಟ್ಟಲಿನ ಮುಂದೆ, ಇನ್ನೊಬ್ಬನ ಬಾಯಲ್ಲೇ ಕೇಳಿದ್ದವರು ಅಲ್ಲಿ ತುಂಬಿದ್ದರು. ಬೆಂಚು ಬೆಂಚಿನಲ್ಲೂ ತಲೆಗಳು ಎದ್ದವು. ಯಾರೂ ಓದುವವನ ಕಡೆ ನೋಡಲಿಲ್ಲ. ಎಲ್ಲರೂ ಶವಪೆಟ್ಟಿಗೆಯ ಕಡೆ ನೋಡಿದರು.